ಟೇಪು ಸಾಲದ ಅಳತೆ

ಪ್ರಯೋಗಾಲಯದ ಮುಖ್ಯಸ್ಥರು ಕಿತ್ತಳೆ ತಿನ್ನುವುದನ್ನು ಅವಳು ಎರಡು ವರ್ಷಗಳಿಂದ ನೋಡುತ್ತಿದ್ದಳು. ಎರಡು ವರ್ಷಗಳಾದರೂ ಅದು ಅವಳ ಕಣ್ಣಿಗೆ ಒಗ್ಗಿರಲಿಲ್ಲ. ಹೆಬ್ಬೆರಳಿನ ಉಗುರಿನಿಂದ ಸಿಪ್ಪೆ ಸೀಳಿ, ತೊಳೆಯನ್ನು ಬಾಯಿಗೆಸೆದುಕೊಂಡು, ಬೀಜವನ್ನು ನಾಲಿಗೆಯ ತುದಿಗೆ ತಂದು, ರಕ್ತದ ಕೊಳವೆಗಳನ್ನು ಜೋಡಿಸುವ ಟ್ರೇಯ ಮುಚ್ಚಳದೊಳಕ್ಕೆ ಅವರು ಅದನ್ನು ತುಪ್ಪೆಂದು ಉಗುಳುತ್ತಿದ್ದರು. ಆಮೇಲೆ ಅದೇ ಜಿಗುಟು ಬೆರಳುಗಳಿಂದ ಮೌಸ್ ಹಿಡಿದು, ಪರದೆಯ ಮೇಲೆ ‘ಪರಿಶೀಲಿಸಿದೆ’ ಎಂಬ ಗುಂಡಿಯನ್ನು ಒಂದರ ಹಿಂದೊಂದು ಒತ್ತುತ್ತಾ ಹೋಗುತ್ತಿದ್ದರು. ಒಂದು ತೊಳೆಗೆ ಸುಮಾರು ಇಪ್ಪತ್ತು ವರದಿ. ಅವಳು ಒಮ್ಮೆ ಎಣಿಸಿದ್ದಳು. ಎಣಿಸದೆ ಬಿಡುವ ಜಾಯಮಾನ ಅವಳದಲ್ಲ. ಅದಕ್ಕೇ ಅಲ್ಲಿ ಅವಳಿಗೆ ‘ಸ್ಕೇಲು’ ಎಂಬ ಹೆಸರು ಬಿದ್ದಿತ್ತು.

ಆ ವರದಿಗಳ ಕೆಳಗೆ, ಮುಖ್ಯಸ್ಥರ ಸಹಿಯ ಪಕ್ಕದಲ್ಲಿ, ಸ್ಕೇಲಿನ ಸಹಿಯೂ ಇರುತ್ತಿತ್ತು. ಅವಳು ಪೆನ್ನು ಹಿಡಿದು ಹಾಕಿದ ಸಹಿಯಲ್ಲ. ಕೆಲಸಕ್ಕೆ ಸೇರಿದ ದಿನ ಒಂದು ಬಿಳಿ ಹಾಳೆಯ ಮೇಲೆ ಮೂರು ಬಾರಿ ಸಹಿ ಮಾಡಿಸಿಕೊಂಡು, ಚೆನ್ನಾಗಿ ಬಂದದ್ದನ್ನು ಕಂಪ್ಯೂಟರಿಗೆ ಸೇರಿಸಿದ್ದರು. ಅಂದಿನಿಂದ ಅವಳ ಪಾಳಿಯಲ್ಲಿ ಯಂತ್ರ ಏನು ಹೇಳಿದರೂ ಅದರ ಕೆಳಗೆ ಆ ಸಹಿ ತಾನಾಗಿಯೇ ಬಂದು ಕೂರುತ್ತಿತ್ತು. ಮೊದಲ ತಿಂಗಳು ಅವಳು ಇದನ್ನು ಪ್ರಶ್ನಿಸಿದ್ದಳು. ಎರಡನೆಯ ತಿಂಗಳು ಗೊಣಗಿದ್ದಳು. ಮೂರನೆಯ ತಿಂಗಳಿನಿಂದ ಊಟದ ಡಬ್ಬಿಯನ್ನು ಸರಿಯಾಗಿ ಹನ್ನೆರಡೂವರೆಗೆ ತೆರೆಯುವುದರಲ್ಲಿ ಸಮಾಧಾನ ಕಂಡುಕೊಂಡಿದ್ದಳು.

ಗೋಡೆಯ ಮೇಲೆ ಒಂದು ಬಿಳಿ ಫಲಕವಿತ್ತು: ‘ತಿದ್ದುಪಡಿ ವರದಿ ಇಲ್ಲದ ದಿನಗಳು’. ಅದರ ಕೆಳಗೆ ಅಯಸ್ಕಾಂತದ ಅಂಕಿಗಳು. ಹೊರಗೆ ಹೋದ ವರದಿಯೊಂದು ತಪ್ಪೆಂದು ತಿದ್ದಿ ಕಳಿಸಬೇಕಾಗಿ ಬಂದರೆ ಎಲ್ಲವೂ ಸೊನ್ನೆಗಿಳಿಯಬೇಕು. ಆ ಬುಧವಾರ ಬೆಳಗ್ಗೆ ಮುಖ್ಯಸ್ಥರು ಕಿತ್ತಳೆಯ ನಡುವೆಯೇ ಎದ್ದು, ಕೊನೆಯ ಮೂರನ್ನು ಕಿತ್ತು ನಾಲ್ಕನ್ನು ಅಂಟಿಸಿ, ಎರಡು ಹೆಜ್ಜೆ ಹಿಂದೆ ಸರಿದು ಮೆಚ್ಚಿಕೊಂಡರು. ಒಂದು ಸಾವಿರದ ತೊಂಬತ್ತನಾಲ್ಕು.

“ಮುಂದಿನ ವಾರ ತಪಾಸಣೆಗೆ ಬರ್ತಾರಲ್ಲ, ಬಾಗಿಲಲ್ಲೇ ಇದನ್ನ ನೋಡ್ಲಿ” ಎಂದರು.

“ನಮ್ಮಲ್ಲಿ ತಪ್ಪೇ ಆಗಲ್ಲ ಸ್ಕೇಲು” ಎಂದು ಅಣ್ಣ ಪಿಸುಗುಟ್ಟಿದ. ಇಪ್ಪತ್ತು ವರ್ಷಗಳಿಂದ ಅಲ್ಲೇ ಇದ್ದ ಆ ಹಿರಿಯ ಟೆಕ್ನೀಷಿಯನ್ನನನ್ನು ಮುಖ್ಯಸ್ಥರನ್ನು ಬಿಟ್ಟು ಉಳಿದವರೆಲ್ಲ ಅಣ್ಣ ಎಂದೇ ಕರೆಯುತ್ತಿದ್ದರು. “ತಪ್ಪು ಅಂತ ಆಗ್ಬೇಕಾದ್ರೂ ಒಬ್ಬರು ನೋಡ್ಬೇಕಲ್ವಾ? ನೋಡೋರೇ ಇಲ್ಲ ಅಂದ್ಮೇಲೆ ಎಲ್ಲಿಂದ ಬರುತ್ತೆ?”

ಅವಳು ನಗಲಿಲ್ಲ. ಅಣ್ಣನ ಎಲ್ಲ ತಮಾಷೆಗಳಲ್ಲೂ ಕೊಳೆತ ಹಲ್ಲಿನಂಥ ಒಂದು ವಾಸನೆ ಇರುತ್ತಿತ್ತು.

ಹತ್ತು ಗಂಟೆಗೆ ವರದಿ ಕೊಡುವ ಕಿಟಕಿಯ ಸರದಿ ಅವಳದು. ಸಾಲಿನಲ್ಲಿ ಐದನೆಯವಳಾಗಿ ಒಬ್ಬ ಟೈಲರಮ್ಮ ಬಂದಳು. ಟೈಲರಮ್ಮ ಎಂದು ಯಾರೂ ಹೇಳಬೇಕಿರಲಿಲ್ಲ. ಅಳತೆಯ ಟೇಪನ್ನು ಕುತ್ತಿಗೆಯಿಂದ ತೆಗೆಯಲು ಮರೆತೇ ಬಂದಿದ್ದಳು. ಸೊಂಟದ ಮೇಲೆ ಎರಡು ವರ್ಷದ ಹೆಣ್ಣುಮಗು. ತೋಳು ಕಡ್ಡಿ, ಕಾಲು ಕಡ್ಡಿ. ನಡುವೆ ಬಿಗಿದ ತಮಟೆಯಂಥ ಹೊಟ್ಟೆ. ಅದರ ಮೇಲೆ ನೀಲಿ ನರಗಳು ಹೊಳೆಯುತ್ತಿದ್ದವು. ಹಿಂದೆ ನಿಂತ ಅಜ್ಜಿ ಕೇಳದವರಿಗೂ ಹೇಳುತ್ತಿದ್ದಳು.

“ಗುಂಡಮ್ಮ ಅಂತಾನೇ ಕರೀತಿದ್ವಿ ಮೇಡಂ. ಹೊಟ್ಟೆ ನೋಡಿದೋರೆಲ್ಲ, ಏನಜ್ಜಿ, ಮೊಮ್ಮಗಳಿಗೆ ಗಡದ್ದಾಗಿ ತಿನ್ನಿಸ್ತೀರಿ ಅನ್ನೋರು. ನಾನೂ ಹಿಗ್ಗಿ ಹೀರೇಕಾಯಿ ಆಗ್ತಿದ್ದೆ. ಬೀದಿಯವರನ್ನೆಲ್ಲ ಕರೆದು ತೋರಿಸ್ತಿದ್ದೆ.”

“ಅತ್ತೆ, ಸಾಕು” ಎಂದಳು ಟೈಲರಮ್ಮ. ಸ್ಕೇಲು ಕೊಟ್ಟ ವರದಿಯನ್ನು ಕಿಟಕಿಯ ಕಟ್ಟೆಯ ಮೇಲೆ ಹರಡಿ, ಹೊಲಿಗೆಯ ಸಾಲನ್ನು ನೋಡುವಂತೆ ಬೆರಳಿಟ್ಟು ಓದಿದಳು. “ಮೇಡಂ, ಇಲ್ಲಿ ಹತ್ತರ ಒಳಗಿರ್ಬೇಕು ಅಂತ ಇದೆ. ನಮ್ದು ಅರವತ್ತೆಂಟು. ಪಕ್ಕದ ಬೆಡ್ ಮಗುಗೂ ಇದೇ ಕಾಯಿಲೆ, ಅದಕ್ಕೆ ಎಂಬತ್ತು ಸಾವಿರ ಬಂದಿತ್ತಂತೆ. ಹಂಗಂದ್ರೆ ನಮ್ದು ಕಮ್ಮಿ ತಾನೆ? ಒಳ್ಳೇದೇ ತಾನೆ?”

ಸ್ಕೇಲು ವರದಿಯನ್ನು ತಲೆಕೆಳಗಾಗಿಯೇ ಓದಿದಳು. ಆಲ್ಫಾ ಫೀಟೊಪ್ರೋಟೀನ್: 68. ಕೆಳಗೆ ಅವಳ ಸಹಿ; ಮೂರರಲ್ಲಿ ಚೆನ್ನಾಗಿ ಬಂದ ಸಹಿ.

“ಡಾಕ್ಟರು ಹೇಳ್ತಾರೆ” ಎಂದಳು. ಬಾಯಿಂದ ಹೊರಟ ಕೂಡಲೇ ಆ ಮಾತು ಅವಳಿಗೇ ಎಂಜಲಿನಂತೆ ಕಂಡಿತು.

“ಡಾಕ್ಟರು ನಾಳೆ ಮೀಟಿಂಗಲ್ಲಿ ಹೇಳ್ತಾರಂತೆ. ಯಾವ ಗುಂಪು ಅಂತ ನಾಳೆ ತೀರ್ಮಾನ ಮಾಡಿ, ನಾಳೆ ಮಧ್ಯಾಹ್ನವೇ ಔಷಧಿ ಶುರು.” ಟೈಲರಮ್ಮ ಚೀಲದಿಂದ ಒಂದು ಅಳತೆ ಪುಸ್ತಕ ತೆಗೆದಳು. “ನೀವೂ ಅಳತೆಯೋರೇ ಅಲ್ವಾ, ಅದಕ್ಕೆ ಕೇಳ್ತೀನಿ. ಪ್ರತಿ ತಿಂಗಳೂ ಇವಳಿಗೆ ಫ್ರಾಕ್ ಹೊಲೀತೀನಿ, ಉಳಿದ ಬಟ್ಟೇಲಿ. ನೋಡಿ. ಭುಜ ಒಂಬತ್ತು, ಒಂಬತ್ತು, ಒಂಬತ್ತು. ಮೂರು ತಿಂಗಳಲ್ಲಿ ಒಂದು ದಾರದಷ್ಟೂ ಬೆಳೆದಿಲ್ಲ. ಹೊಟ್ಟೆ ಹತ್ತೊಂಬತ್ತು, ಇಪ್ಪತ್ತೂವರೆ, ಇಪ್ಪತ್ಮೂರು. ಹೊಟ್ಟೇಲಿ ಇಷ್ಟು ದೊಡ್ಡದಿಟ್ಕೊಂಡು ರಕ್ತದಲ್ಲಿ ಅರವತ್ತೆಂಟು ಹೆಂಗೆ ಬರುತ್ತೆ?”

ಮಗು ಕಿಟಕಿಯೊಳಗೆ ಕೈ ಚಾಚಿ ಸ್ಕೇಲಿನ ಜೇಬಿನಿಂದ ಪೆನ್ನು ಎಳೆದುಕೊಂಡಿತು. ಹಿಂದಿನವರು ತಳ್ಳಿದರು. ಟೈಲರಮ್ಮ ಪೆನ್ನು ಬಿಡಿಸಿ ಕೊಟ್ಟು, ಉತ್ತರ ಸಿಗದೆಯೇ ಪಕ್ಕಕ್ಕೆ ಸರಿದಳು. ಸ್ಕೇಲಿಗೆ ನಾಚಿಕೆಗಿಂತ ಮೊದಲು ಸಿಟ್ಟು ಬಂತು. ತಾನು ಕಲಿತ ವಿದ್ಯೆ ಕೇಳಬೇಕಾದ ಪ್ರಶ್ನೆಯನ್ನು ಕತ್ತರಿ ಹಿಡಿಯುವ ಹೆಂಗಸೊಬ್ಬಳು ಕೇಳಿ ಹೋಗಿದ್ದಳು.

ಚಿಕ್ಕ ಮಕ್ಕಳ ಯಕೃತ್ತಿನಲ್ಲಿ ಹುಟ್ಟುವ ಆ ಗಡ್ಡೆಯ ಹೆಸರು ಹೆಪಟೊಬ್ಲಾಸ್ಟೊಮಾ. ಅದನ್ನು ಗುಂಪಿಗೆ ಸೇರಿಸುವ ಕ್ರಮವನ್ನು ಅವಳು ಓದುವಾಗಲೇ ಕಂಠಪಾಠ ಮಾಡಿದ್ದಳು. ಯಕೃತ್ತನ್ನು ನಾಲ್ಕು ಭಾಗಗಳಾಗಿ ನೋಡುತ್ತಾರೆ. ಗಡ್ಡೆ ಎಷ್ಟು ಭಾಗಗಳನ್ನು ಹಿಡಿದಿದೆ ಎಂದು ಎಣಿಸುವುದಿಲ್ಲ. ಒಂದಕ್ಕೊಂದು ಅಂಟಿಕೊಂಡ ಎಷ್ಟು ಭಾಗಗಳು ಅದರ ಬಾಯಿಗೆ ಬೀಳದೆ ಉಳಿದಿವೆ ಎಂದು ಎಣಿಸುತ್ತಾರೆ. ಮೂರು ಉಳಿದಿದ್ದರೆ ಒಂದನೆಯ ಹಂತ, ಎರಡು ಉಳಿದಿದ್ದರೆ ಎರಡನೆಯದು, ಒಂದೇ ಉಳಿದಿದ್ದರೆ ಮೂರನೆಯದು, ಏನೂ ಉಳಿಯದಿದ್ದರೆ ನಾಲ್ಕನೆಯದು. ಕೆಟ್ಟದ್ದನ್ನು ಅಳೆಯುವ ಬದಲು ಉಳಿದ ಒಳ್ಳೆಯದನ್ನು ಅಳೆಯುವ ಆ ಲೆಕ್ಕ ಅವಳಿಗೆ ಮೊದಲಿನಿಂದಲೂ ಇಷ್ಟ. ಕಂಪ್ಯೂಟರಿನಲ್ಲಿದ್ದ ಸ್ಕ್ಯಾನಿನ ಪ್ರಕಾರ ಈ ಮಗುವಿಗೆ ಎರಡು ಭಾಗ ಉಳಿದಿತ್ತು. ಗಡ್ಡೆ ಬೇರೆಲ್ಲಿಗೂ ಹರಡಿರಲಿಲ್ಲ. ಅಷ್ಟೇ ಆಗಿದ್ದರೆ ಕೆಲವು ಸುತ್ತು ಔಷಧಿ, ಆಮೇಲೆ ಶಸ್ತ್ರಚಿಕಿತ್ಸೆ, ಆಮೇಲೆ ಬದುಕು ಎಂದು ಧೈರ್ಯವಾಗಿ ಹೇಳಬಹುದಿತ್ತು.

ಆದರೆ ಆ ಕ್ರಮದಲ್ಲಿ ಒಂದು ತಿರುವಿದೆ. ಈ ಗಡ್ಡೆ ಸಾಮಾನ್ಯವಾಗಿ ಆ ಪ್ರೋಟೀನನ್ನು ರಕ್ತಕ್ಕೆ ಸಾವಿರಗಟ್ಟಲೆ, ಲಕ್ಷಗಟ್ಟಲೆ ಸುರಿಯುತ್ತದೆ. ದೊಡ್ಡ ಗಡ್ಡೆಯಿದ್ದೂ ಅಂಕಿ ನೂರಕ್ಕಿಂತ ಕಡಿಮೆ ಬಂದರೆ, ಆ ಪ್ರೋಟೀನನ್ನು ತಯಾರಿಸುವುದನ್ನೂ ಮರೆತ ಪುಂಡ ಕೋಶಗಳು ಅಲ್ಲಿವೆ ಎಂದು ಅರ್ಥ. ಆಗ ಎಷ್ಟು ಭಾಗ ಉಳಿದಿದ್ದರೂ ಮಗುವನ್ನು ಎತ್ತಿ ಅತಿ ಹೆಚ್ಚು ಅಪಾಯದ ಗುಂಪಿಗೆ ಹಾಕುತ್ತಾರೆ. ಹೃದಯವನ್ನು ಸವೆಸುವ ಔಷಧಿಗಳು, ಕಿವಿಯನ್ನು ಕಿತ್ತುಕೊಳ್ಳುವಷ್ಟು ಪ್ರಮಾಣದಲ್ಲಿ. ಟೈಲರಮ್ಮ ಕಡಿಮೆ ಎಂದು ಸಮಾಧಾನಪಡಲು ನೋಡಿದ ಅರವತ್ತೆಂಟೇ ಆ ಹಾಳೆಯ ಅತ್ಯಂತ ಭೀಕರ ಸಂಗತಿಯಾಗಿತ್ತು. ಅದು ನಿಜವಾಗಿದ್ದರೆ.

ಅವಳು ಮೇಲಿನ ಮಹಡಿಗೆ ಫೋನ್ ಮಾಡಿದಳು. ಗಡ್ಡೆಯ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ವೈದ್ಯರು ಸಿಕ್ಕರು.

“ಕೋಶ ಚೊಕ್ಕವಾಗಿವೆಯಮ್ಮ” ಎಂದರು. “ಭ್ರೂಣದ ಯಕೃತ್ತು ಇದ್ದಂಗೇ ಇವೆ. ಪುಂಡಾಟ ಏನಿಲ್ಲ. ಎಷ್ಟಂದ್ರಿ, ಅರವತ್ತೆಂಟಾ? ನಂಗ್ಯಾಕೋ ಹೊಂದಲ್ಲ.”

“ಹಾಗಾದ್ರೆ ನೀವು ಮೀಟಿಂಗಲ್ಲಿ ಹೇಳ್ತೀರಾ ಸಾರ್?”

“ನಾನ್ಯಾಕೆ ಹೇಳ್ಲಿ? ನನ್ನ ಸ್ಲೈಡು ನಂದು, ನಿಮ್ಮ ಅಂಕಿ ನಿಮ್ದು. ನಿಮ್ಮ ಸಾರ್ ಆಮೇಲೆ ನನ್ನ ತಲೆ ಮೇಲೆ ಗೂಬೆ ಕೂರಿಸೋದು ಬೇಡ.”

ಫೋನಿಟ್ಟ ಮೇಲೆ ಅವಳು ಅಂಗೈಯನ್ನು ಕೋಟಿಗೆ ಒರೆಸಿಕೊಂಡಳು. ಒಂದೇ ಮಗುವಿನ ಚೂರನ್ನು ಒಬ್ಬರು, ರಕ್ತವನ್ನು ಒಬ್ಬರು, ಚಿತ್ರವನ್ನು ಒಬ್ಬರು ಹಂಚಿಕೊಂಡು, ಬೇಲಿ ಹಾಕಿಕೊಂಡು ಕೂತಿದ್ದರು.

ಅರವತ್ತೆಂಟು ಎಲ್ಲಿಂದ ಬಂದಿರಬಹುದು ಎಂಬುದು ಅವಳಿಗೆ ತಿಳಿಯದ ವಿಷಯವಲ್ಲ. ಯಂತ್ರದೊಳಗೆ ಆ ಪ್ರೋಟೀನಿನ ಪ್ರತಿ ಕಣವನ್ನೂ ಇಬ್ಬರು ಹಿಡಿಯಬೇಕು: ಒಬ್ಬ ಹಿಂದಿನಿಂದ, ಒಬ್ಬ ಮುಂದಿನಿಂದ. ಇಬ್ಬರೂ ಹಿಡಿದದ್ದು ಮಾತ್ರ ಎಣಿಕೆಗೆ ಸಿಗುತ್ತದೆ. ಕಣಗಳು ಹದವಾಗಿದ್ದಾಗ ಇದು ಸರಿ. ಜಾತ್ರೆಯಂತೆ ನುಗ್ಗಿದರೆ ಹಿಂದಿನವನ ಕೈಗೊಂದು, ಮುಂದಿನವನ ಕೈಗೆ ಇನ್ನೊಂದು ಸಿಕ್ಕಿ, ಇಬ್ಬರ ಕೈಗೂ ಸಿಕ್ಕಿದ್ದು ಇಲ್ಲವೇ ಇಲ್ಲ ಎನ್ನುವಂತಾಗುತ್ತದೆ. ಯಂತ್ರ ಮೈದಾನ ಖಾಲಿ ಎಂದು ಬರೆಯುತ್ತದೆ. ಇದಕ್ಕೆ ಮದ್ದೂ ಒಂದೇ: ಮಾದರಿಯನ್ನು ಹತ್ತು ಪಟ್ಟು, ನೂರು ಪಟ್ಟು, ಸಾವಿರ ಪಟ್ಟು ತೆಳು ಮಾಡಿ ಮತ್ತೆ ಅಳೆಯುವುದು. ಮಕ್ಕಳ ಯಕೃತ್ತಿನ ಗಡ್ಡೆ ಎಂದು ಚೀಟಿಯಲ್ಲಿ ಬರೆದಿದ್ದರೆ ಹಾಗೆ ಮಾಡಲೇಬೇಕು ಎಂದು ಯಂತ್ರದ ಕೈಪಿಡಿಯ ನಲವತ್ತೊಂದನೆಯ ಪುಟದಲ್ಲಿತ್ತು. ಅವಳು ಅದನ್ನು ಓದಿದ್ದಳು, ಹಳದಿ ಬಣ್ಣ ಬಳಿದಿದ್ದಳು ಕೂಡ. ಬಣ್ಣ ಬಳಿದವಳ ಸಹಿಯೇ ಅರವತ್ತೆಂಟರ ಕೆಳಗೆ ಕೂತಿತ್ತು.

ಮುಖ್ಯಸ್ಥರು ಎರಡನೆಯ ಕಿತ್ತಳೆಗೆ ಕೈ ಹಾಕಿದ್ದರು.

“ಸಾರ್, ನಿನ್ನೆಯ ಒಂದು ಮಾದರೀನ ತೆಳು ಮಾಡಿ ಮತ್ತೆ ಹಾಕ್ಬೇಕು.” ಅವಳು ಕಾರಣವನ್ನು ಕ್ರಮವಾಗಿ ಹೇಳಿದಳು.

“ವರದಿ ಹೋಗಿದೆಯಾ?”

“ಹೋಗಿದೆ.”

“ಹೋದ್ಮೇಲೆ ಮುಗೀತು. ಹೆಣಕ್ಕೆ ಯಾರಾದ್ರೂ ಥರ್ಮಾಮೀಟರ್ ಇಡ್ತಾರಾ?” ಎಂದು ತಾವೇ ನಕ್ಕರು. ಕಿತ್ತಳೆಯ ಒಂದು ನಾರು ಹಲ್ಲಿನ ಸಂದಿಯಲ್ಲಿ ಕುಣಿಯಿತು. “ಮುಂದಿನ ವಾರ ತಪಾಸಣೆ ಇಟ್ಕೊಂಡು ಈಗ ಕೂದಲು ಸೀಳೋಕೆ ಹೊರಟಿದೀಯ. ಡಾಕ್ಟರಿಗೆ ಅನುಮಾನ ಬಂದ್ರೆ ಅವರೇ ಇನ್ನೊಂದು ಸಲ ರಕ್ತ ಕಳಿಸ್ತಾರೆ. ಕೇಳಿದ್ದಷ್ಟು ಕೊಡೋದು ನಮ್ಮ ಕೆಲಸ. ಹೋಗಮ್ಮ, ನಿನ್ನ ಕೆಲಸ ನೋಡ್ಕೋ.”

ಅವರು ಸಿಟ್ಟಾಗಿದ್ದರೆ ಅವಳಿಗೆ ಅಷ್ಟು ಹೇಸಿಗೆ ಎನಿಸುತ್ತಿರಲಿಲ್ಲ. ಅವರು ಸಿಟ್ಟಾಗಿರಲಿಲ್ಲ, ಹೊಟ್ಟೆ ತುಂಬಿದವರ ನೆಮ್ಮದಿಯಲ್ಲಿದ್ದರು.

ಅವಳು ಹಳೆಯ ರಿಜಿಸ್ಟರ್ ತೆಗೆದಳು. ಕಂಪ್ಯೂಟರ್ ಬಂದರೂ ಯಂತ್ರದ ಅಂಕಿಗಳನ್ನು ಕೈಯಲ್ಲಿ ಬರೆದಿಡುವ ರೂಢಿ ಅಲ್ಲಿ ತಪ್ಪಿರಲಿಲ್ಲ. ಐದು ವರ್ಷದ ಕೆಳಗಿನ ಮಕ್ಕಳು, ಅದೇ ಪ್ರೋಟೀನು, ನೂರಕ್ಕಿಂತ ಕಡಿಮೆ: ಬೆರಳಿಟ್ಟುಕೊಂಡು ಹಿಂದಕ್ಕೆ ಹೋದಳು. ಎಷ್ಟೋ ಇದ್ದವು, ಎಲ್ಲ ಬೇರೆ ಬೇರೆ ಕಾರಣದವು. ಎರಡು ವರ್ಷ ನಾಲ್ಕು ತಿಂಗಳ ಹಿಂದಿನ ಪುಟದಲ್ಲಿ, ಅವಳು ಸೇರುವುದಕ್ಕೂ ಮುಂಚೆ, ಒಂದಿತ್ತು. ಮೂರು ವರ್ಷದ ಮಗು. ಯಕೃತ್ತಿನ ಗಡ್ಡೆ. 41. ಅದರ ಪಕ್ಕದಲ್ಲಿ ಪೆನ್ಸಿಲಿನಿಂದ, ಇರುವೆಯಷ್ಟು ಸಣ್ಣದಾಗಿ, ‘ತೆಳು?’ ಎಂದು ಬರೆದು ಅರ್ಧ ಅಳಿಸಲಾಗಿತ್ತು.

ಆ ಅಕ್ಷರ ಅವಳಿಗೆ ಗೊತ್ತಿತ್ತು.

“ಅಣ್ಣ, ಇದು ನೀವು ಬರೆದಿದ್ದಾ?”

ಅಣ್ಣ ಕೈಗವಸು ಕಳಚುತ್ತಿದ್ದವನು ಪುಟ ನೋಡಿದ. ತಮಾಷೆಗೆಂದು ಎತ್ತಿದ ಹುಬ್ಬು ಅಲ್ಲೇ ನಿಂತಿತು.

“ಕೇಳ್ದೆ” ಎಂದ. “ಇವತ್ತು ನೀನು ಕೇಳ್ದಂಗೇ. ಆಗ ಫಲಕದ ಮೇಲೆ ಇನ್ನೂರೋ ಏನೋ ಇತ್ತು.”

“ಆ ಮಗು?”

“ದೊಡ್ಡ ಔಷಧಿ ಕೊಟ್ರು. ಮೂರನೇ ಸುತ್ತಲ್ಲಿ ಹೋಯ್ತು.” ಅವನು ಕೈಗವಸನ್ನು ಒಳಹೊರಗು ಮಾಡಿ, ಮತ್ತೆ ಹೊರಒಳಗು ಮಾಡಿದ. “ಅಂಕಿ ನಿಜವಾಗೇ ನಲವತ್ತೊಂದೇ ಇದ್ದಿರಬಹುದು. ಇರಬಹುದಲ್ವಾ? ರಕ್ತ ಏಳು ದಿನ ಇಟ್ಟು ಬಿಸಾಕ್ತೀವಿ. ಈಗ ಯಾರು ಹೇಳ್ತಾರೆ?”

“ನೀವು ಆಮೇಲೆ ಯಾರಿಗೂ ಹೇಳ್ಲಿಲ್ವಾ?”

“ಅಳಿಸ್ದೆನಲ್ಲ” ಎಂದ ಅಣ್ಣ. ಅರ್ಧ ನಗು ಬರಿಸಲು ನೋಡಿದ. “ಅರ್ಧ.”

ಅವಳು ರಿಜಿಸ್ಟರನ್ನು ತನ್ನ ಕಡೆಗೆ ಎಳೆದುಕೊಂಡಳು. ಇಪ್ಪತ್ತೆಂಟು ತಿಂಗಳು ಈ ಮನುಷ್ಯ ತನಗೆ ಟೀ ತಂದುಕೊಟ್ಟಿದ್ದ, ಬಾಯಿ ತುಂಬ ಸ್ಕೇಲು ಸ್ಕೇಲು ಎಂದಿದ್ದ, ಈ ಪುಟವನ್ನು ಹೊಟ್ಟೆಯಲ್ಲಿಟ್ಟುಕೊಂಡು. ಲೆಕ್ಕ ಸರಿಯಿಲ್ಲ ಎಂದು ಕೂಡಲೇ ಹೊಳೆಯಿತು: ತಾನು ಸೇರಿ ಇಪ್ಪತ್ನಾಲ್ಕು ತಿಂಗಳು ಮಾತ್ರ. ಅಂಥ ಹೊತ್ತಿನಲ್ಲೂ ತಿದ್ದಿಕೊಂಡ ತನ್ನ ಮೇಲೆಯೇ ಅವಳಿಗೆ ಅಸಹ್ಯವಾಯಿತು.

ಹನ್ನೆರಡೂವರೆಗೆ ಅವಳು ಡಬ್ಬಿ ತೆರೆಯಲಿಲ್ಲ. ಮುಖ್ಯಸ್ಥರು ಊಟಕ್ಕೆ ಎದ್ದ ಮೇಲೆ ಫ್ರಿಜ್ಜಿನಿಂದ ಆ ಕೊಳವೆಯನ್ನು ತೆಗೆದಳು. ಅದರಲ್ಲಿ ಎರಡು ಬೆರಳಿನಷ್ಟು ಹಳದಿ ದ್ರವ ಉಳಿದಿತ್ತು. ಮೊದಲು ಹಾಗೆಯೇ ಹಾಕಿದಳು: 71. ನಿನ್ನೆಯ ಸುಳ್ಳನ್ನೇ ಯಂತ್ರ ಇಂದೂ ಗಂಭೀರವಾಗಿ ಹೇಳಿತು. ಆಮೇಲೆ ಹತ್ತು ಪಟ್ಟು ತೆಳು ಮಾಡಿದಳು. ಯಂತ್ರಕ್ಕೆ ಒಮ್ಮೆಗೆ ಓದಲು ಬರುವುದು ಎರಡು ಸಾವಿರದವರೆಗೆ; ಅದನ್ನೂ ಮೀರಿದೆ ಎಂಬ ಬಾಣದ ಗುರುತು ಬಂತು. ನೂರು ಪಟ್ಟು: ಮತ್ತೆ ಅದೇ ಬಾಣ. ಸಾವಿರ ಪಟ್ಟು ತೆಳು ಮಾಡಿದಾಗ ದ್ರವಕ್ಕೆ ಬಣ್ಣವೇ ಉಳಿದಿರಲಿಲ್ಲ, ಕುಡಿಯುವ ನೀರಿನಂತಿತ್ತು. ಹದಿನೆಂಟು ನಿಮಿಷ ಕಾದಳು. 1,120.

ಸಾವಿರದಿಂದ ಗುಣಿಸಿದಳು. ಹನ್ನೊಂದು ಲಕ್ಷ ಇಪ್ಪತ್ತು ಸಾವಿರ.

ಅಣ್ಣ ಹಿಂದೆ ಬಂದು ನಿಂತಿದ್ದ.

ಅವಳು ನಾಲ್ಕೂ ಫಲಿತಾಂಶಗಳನ್ನು, ಸಮಯದೊಂದಿಗೆ, ರಿಜಿಸ್ಟರಿನಲ್ಲಿ ಶಾಯಿಯಿಂದ ಬರೆದು ಕೈಯಾರೆ ಸಹಿ ಮಾಡಿದಳು. ಸೇರಿದ ದಿನದ ಆ ಮೂರನ್ನು ಬಿಟ್ಟರೆ, ಎರಡು ವರ್ಷದಲ್ಲಿ ಅಲ್ಲಿ ಅವಳು ಪೆನ್ನು ಹಿಡಿದು ಹಾಕಿದ ಮೊದಲ ಸಹಿ ಅದು, ಕಂಪ್ಯೂಟರಿನದಕ್ಕಿಂತ ಸೊಟ್ಟಗಿತ್ತು. ಪೆನ್ನನ್ನು ಅಣ್ಣನ ಕಡೆ ಹಿಡಿದಳು.

“ಸಾಕ್ಷಿ” ಎಂದಳು.

“ನನ್ನ ನಿವೃತ್ತಿಗೆ ಹದಿನಾಲ್ಕು ತಿಂಗಳು ಇದೆ ಕಣಮ್ಮ.”

“ಪೆನ್ಸಿಲ್ ಬೇಕಾ?”

ಆ ಮಾತು ನಾಟಿತು. ಅವನು ಪೆನ್ನು ಕಿತ್ತುಕೊಂಡು, ಪುಟ ಹರಿಯುವಷ್ಟು ಒತ್ತಿ ಸಹಿ ಮಾಡಿದ.

ಊಟ ಮುಗಿಸಿ ಬಂದ ಮುಖ್ಯಸ್ಥರು ಪುಟವನ್ನು ಎರಡು ಸಲ ಓದಿದರು. ಬಾಗಿಲು ಹಾಕಿದರು. ಕುರ್ಚಿ ತೋರಿಸಿದರು. ಅವರ ದನಿ ಈಗ ಜೇನಿನಲ್ಲಿ ಅದ್ದಿದಂತಿತ್ತು.

“ಒಳ್ಳೆ ಕೆಲಸ ಮಾಡ್ದೆ. ನಾನು ಇಲ್ಲ ಅಂತೀನಾ? ಒಂದು ಕೆಲಸ ಮಾಡೋಣ. ತಿದ್ದುಪಡಿ ಅಂತ ಬೇಡ. ಹಳೇ ವರದಿ ಅಳಿಸಿ, ಅದೇ ನಂಬರಿಗೆ ಹೊಸ ಅಂಕಿ ಹಾಕ್ಬಿಡೋಣ. ಮಗುಗೂ ಒಳ್ಳೇದಾಯ್ತು, ನಮ್ಮ ಮರ್ಯಾದೇನೂ ಉಳೀತು. ಈ ಪುಟ ಹೆಂಗೋ ಹರಿದಂಗಿದೆ, ಅದನ್ನ ನಾನು ನೋಡ್ಕೋತೀನಿ.”

“ನಾಳೆಯ ಮೀಟಿಂಗಿನ ಫೈಲು ನಿನ್ನೆ ಸಂಜೆಯೇ ಪ್ರಿಂಟಾಗಿದೆ ಸಾರ್. ಅದರಲ್ಲಿ ಅರವತ್ತೆಂಟಿದೆ. ತಾಯಿ ಕೈಯಲ್ಲೂ ಅರವತ್ತೆಂಟಿದೆ. ತಿದ್ದುಪಡಿ ಅಂತ ಕಳಿಸಿದ್ರೆ ಮಾತ್ರ ವಾರ್ಡಿಗೆ ಕರೆ ಹೋಗುತ್ತೆ. ಸುಮ್ಮನೆ ಬದಲಾಯಿಸಿದ್ರೆ ಯಾರಿಗೂ ಗೊತ್ತಾಗಲ್ಲ. ನಾಳೆ ಮಧ್ಯಾಹ್ನ ದೊಡ್ಡ ಔಷಧಿ ಶುರು ಮಾಡ್ತಾರೆ.”

“ಕಂಪ್ಯೂಟರಲ್ಲಿ ನೋಡ್ಕೊಳ್ತಾರೆ ಬಿಡು.”

“ನೀವು ನೋಡ್ತೀರಾ ಸಾರ್?”

ಅವರ ಮುಖದ ಜೇನು ಇಳಿಯಿತು. “ಎಷ್ಟು ದಿನದ ಶ್ರಮ ಗೊತ್ತಾ ಅದು?” ಎಂದು ಫಲಕದ ಕಡೆ ಕೈ ತೋರಿಸಿದರು. ಹನ್ನೊಂದು ಲಕ್ಷವನ್ನು ಓದುವಾಗ ಏರದಿದ್ದ ದನಿ ಈಗ ಏರಿತ್ತು.

“ಎರಡು ವರ್ಷ ನಾಲ್ಕು ತಿಂಗಳ ಹಿಂದಿನ ಪುಟಾನೂ ಇದೇ ರಿಜಿಸ್ಟರಲ್ಲಿದೆ” ಎಂದಳು ಸ್ಕೇಲು. “ತಪಾಸಣೆಯವರು ಬಂದಾಗ ಫಲಕ ಮಾತ್ರ ನೋಡ್ತಾರಾ, ರಿಜಿಸ್ಟರೂ ನೋಡ್ತಾರಾ ಗೊತ್ತಿಲ್ಲ. ಕೇಳಿದ್ರೆ ನಾನು ತೋರಿಸ್ತೀನಿ. ಕೇಳದಿದ್ರೂ ತೋರಿಸ್ತೀನಿ.”

ಮುಖ್ಯಸ್ಥರು ಅವಳನ್ನು ಚಪ್ಪಲಿಗೆ ಮೆತ್ತಿದ್ದನ್ನು ನೋಡುವಂತೆ ನೋಡಿದರು. ಆಮೇಲೆ ತಿದ್ದುಪಡಿ ವರದಿಗೆ ಸಹಿ ಹಾಕಿ, ಹಾಳೆಯನ್ನು ಮೇಜಿನ ಮೇಲೆ ಜಾರಿಸಿದರು. ಅಂಚಿನಲ್ಲಿ ಕಿತ್ತಳೆಯ ಬೆರಳಚ್ಚು ಮೂಡಿತ್ತು.

“ಅದನ್ನ ನೀನೇ ಕೀಳು” ಎಂದರು.

ಅವಳು ಅಂಕಿಗಳನ್ನು ಒಂದೊಂದಾಗಿ ಕಿತ್ತಳು. ಅಯಸ್ಕಾಂತಗಳು ಮೂರು ವರ್ಷದ ಹಣ್ಣಿನ ರಸದಿಂದ ಅಂಟಂಟಾಗಿದ್ದವು. ಒಂಬತ್ತರ ಹಿಂದೆ ಒಂದು ಒಣಗಿದ ಬೀಜವೂ ಇತ್ತು. ಸೊನ್ನೆಯೊಂದನ್ನೇ ಉಳಿಸಿದಳು.

ಕಂಪ್ಯೂಟರಿನಿಂದ ಕರೆ ಹೋಗುತ್ತದೆ ಎಂದು ನಂಬಿ ಕೂರುವ ಕಾಲ ಅವಳ ಪಾಲಿಗೆ ಮುಗಿದಿತ್ತು. ಗುರುವಾರ ಹನ್ನೊಂದಕ್ಕೆ ವರದಿಯನ್ನು ಕೈಯಲ್ಲೇ ಹಿಡಿದು ಮೀಟಿಂಗಿಗೆ ಹೋದಳು. ಉದ್ದದ ಮೇಜು, ಬಿಸ್ಕತ್ತಿನ ತಟ್ಟೆ, ಗೋಡೆಯ ಮೇಲೆ ಆ ಮಗುವಿನ ಯಕೃತ್ತಿನ ಚಿತ್ರ. ಮಕ್ಕಳ ಕ್ಯಾನ್ಸರಿನ ಡಾಕ್ಟರಮ್ಮನ ಮುಂದಿದ್ದ ಫೈಲಿನಲ್ಲಿ ‘ಅತಿ ಹೆಚ್ಚು ಅಪಾಯ’ ಎಂಬ ಚೌಕಕ್ಕೆ ಆಗಲೇ ಕೆಂಪು ಗುರುತು ಬಿದ್ದಿತ್ತು. ತಿದ್ದುಪಡಿ ವರದಿ ಬಂದಿದೆ ಎಂಬ ಚೀಟಿಯೊಂದು ವಾರ್ಡಿನಿಂದ ಬಂದು ಫೈಲಿನ ಕೆಳಗೆ, ಓದದೆ, ಬಿದ್ದಿತ್ತು. ಅದರ ಮೇಲೆ ಟೀ ಲೋಟದ ಒದ್ದೆ ಉಂಗುರ.

ಡಾಕ್ಟರಮ್ಮ ಎರಡೂ ಅಂಕಿಗಳನ್ನು ಗಟ್ಟಿಯಾಗಿ ಓದಿದರು.

“ಹನ್ನೊಂದು ಲಕ್ಷಾನ ಅರವತ್ತೆಂಟು ಅಂತ ಕಳಿಸಿದ್ರಾ?”

“ಹೌದು ಮೇಡಂ. ನನ್ನ ಸಹಿ ಇದೆ.”

“ನಂಗೂ ಅನುಮಾನ ಇತ್ತು” ಎಂದರು ಸ್ಲೈಡಿನ ವೈದ್ಯರು, ತುಟಿಯ ಪುಡಿ ಒರೆಸಿಕೊಳ್ಳುತ್ತಾ. “ಕೋಶಗಳು ಬಹಳ ಚೊಕ್ಕವಾಗಿದ್ವು ನೋಡಿ.”

ಡಾಕ್ಟರಮ್ಮ ಕೆಂಪು ಗುರುತನ್ನು ಹೊಡೆದುಹಾಕಿ ಮೇಲಿನ ಚೌಕಕ್ಕೆ ಗುರುತು ಹಾಕಿದರು. ಎರಡನೆಯ ಹಂತ. ಸಾಮಾನ್ಯ ಅಪಾಯ. ಒಂದೇ ಔಷಧಿ, ಕೆಲವು ಸುತ್ತು, ಆಮೇಲೆ ಶಸ್ತ್ರಚಿಕಿತ್ಸೆ. “ಮುಂದಿನದು” ಎಂದರು. ಗೋಡೆಯ ಮೇಲೆ ಬೇರೊಬ್ಬರ ಮೂತ್ರಪಿಂಡ ಮೂಡಿತು. ಒಟ್ಟು ನಾಲ್ಕು ನಿಮಿಷ. ಒಂದು ಮಗುವಿನ ಕಿವಿ, ಹೃದಯ, ಬಹುಶಃ ಜೀವ, ಒಂದು ಚೌಕದಿಂದ ಇನ್ನೊಂದು ಚೌಕಕ್ಕೆ ದಾಟಿತ್ತು. ಗೆದ್ದೆ ಎನಿಸಬೇಕಿತ್ತು. ಅವಳಿಗೆ ಯಾರದ್ದೋ ಬಚ್ಚಲಿನಿಂದ ಹೊರಬಂದಂತಾಯಿತು.

ಹೊರಗಿನ ಬೆಂಚಿನ ಮೇಲೆ ಟೈಲರಮ್ಮ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಡಾಕ್ಟರಮ್ಮ ಬಂದು ಹೇಳುವವರೆಗೆ ಕಾಯಬಹುದಿತ್ತು. ಸ್ಕೇಲು ಕಾಯಲಿಲ್ಲ. ಎದುರು ಮೊಣಕಾಲೂರಿ, ಹೊಸ ವರದಿ ಕೊಟ್ಟಳು.

“ಹನ್ನೊಂದು ಲಕ್ಷ?” ಟೈಲರಮ್ಮ ಅಂಕಿಯ ಮೇಲೆ ಬೆರಳಿಟ್ಟು ಮತ್ತೆ ಓದಿದಳು. “ನಿನ್ನೆ ಅರವತ್ತೆಂಟು, ಇವತ್ತು ಹನ್ನೊಂದು ಲಕ್ಷನಾ?”

“ನಿನ್ನೆಯೂ ಹನ್ನೊಂದು ಲಕ್ಷವೇ ಇತ್ತು. ಈ ಕಾಯಿಲೇಲಿ ಅಂಕಿ ದೊಡ್ಡದಿರೋದೇ ವಾಸಿ. ಕಮ್ಮಿ ಇದ್ದಿದ್ರೆ ಕಷ್ಟ ಇತ್ತು. ಈಗ ಸಣ್ಣ ಔಷಧಿಯೇ ಸಾಕು ಅಂತ ತೀರ್ಮಾನ ಆಗಿದೆ. ನಾವು...” ನಾಲಿಗೆ ‘ಯಂತ್ರ’ ಎಂಬ ಪದದ ಕಡೆ ವಾಲಿತು, ಅವಳು ಅದನ್ನು ಎಳೆದು ನಿಲ್ಲಿಸಿದಳು. “ನಾವು ತಪ್ಪಾಗಿ ಅಳೆದಿದ್ವಿ. ಅಂಕಿ ಯಂತ್ರಕ್ಕೆ ನಿಲುಕದಷ್ಟು ದೊಡ್ಡದಿತ್ತು. ಅದಕ್ಕೆ ಚಿಕ್ಕದಾಗಿ ತೋರಿಸ್ತು.”

ಟೈಲರಮ್ಮ ಕುತ್ತಿಗೆಯ ಟೇಪನ್ನು ಮುಟ್ಟಿಕೊಂಡಳು.

“ಟೇಪು ಸಾಲದೆ ಹೋದ್ರೆ ಅಳತೆ ಕಮ್ಮಿ ಅಂತ ಬರ್ಕೊಳ್ತೀರಾ ನೀವು?”

“ಬರ್ಕೊಂಡ್ವಿ.”

“ದಪ್ಪಗಿರೋರು ಬಂದ್ರೆ ಎರಡು ಟೇಪು ಸೇರಿಸಿ ಅಳೀತೀನಿ. ನಾನು ಹೊಲಿಯೋದು ಬರೀ ಬಟ್ಟೆ.” ಅವಳು ದನಿ ಏರಿಸಲಿಲ್ಲ. ಮಗು ಸ್ಕೇಲಿನ ಬೆರಳನ್ನು ಹಿಡಿದುಕೊಂಡು, ಉಗುರನ್ನು ಕುತೂಹಲದಿಂದ ನೋಡುತ್ತಿತ್ತು. “ನಮ್ಮ ಗುಂಡಮ್ಮಂಗೆ ಮಾತ್ರ ಹಿಂಗಾಗಿದ್ದಾ? ಮುಂಚೆ ಬೇರೆ ಯಾರಿಗೂ ಆಗಿಲ್ವಾ?”

ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಗೊತ್ತಿಲ್ಲ ಎಂದಿದ್ದರೆ ಅದು ಅಕ್ಷರಶಃ ನಿಜವೇ ಆಗುತ್ತಿತ್ತು. ಏಳು ದಿನ ಇಟ್ಟು ಬಿಸಾಡಿದ ರಕ್ತ ಇನ್ನು ಏನನ್ನೂ ಹೇಳುವುದಿಲ್ಲ. ಅಂಥ ಸ್ವಚ್ಛವಾದ, ಸಾಬೂನು ಹಾಕಿ ತೊಳೆದಂಥ ನಿಜ ಎಷ್ಟು ಕೊಳಕಾಗಿರಬಲ್ಲದು ಎಂಬುದನ್ನು ಅವಳು ನಿನ್ನೆ ಅರ್ಧ ಅಳಿಸಿದ ಪೆನ್ಸಿಲಿನ ಗುರುತಿನಲ್ಲಿ ನೋಡಿದ್ದಳು.

“ಇನ್ನೊಂದು ಮಗು ಇತ್ತು” ಎಂದಳು. “ನಲವತ್ತೊಂದು ಅಂತ ಬರೆದಿದ್ರು. ಮತ್ತೆ ಅಳೆದು ನೋಡ್ಲಿಲ್ಲ. ಆ ಮಗು ಉಳೀಲಿಲ್ಲ.”

ಟೈಲರಮ್ಮ ವರದಿಯನ್ನು ಎರಡೇ ಬೆರಳುಗಳ ತುದಿಯಿಂದ ಎತ್ತಿ ಚೀಲಕ್ಕೆ ಬಿಟ್ಟಳು. ಮಗುವಿನ ಮುಷ್ಟಿಯನ್ನು ಒಂದೊಂದೇ ಬೆರಳು ಬಿಡಿಸಿ ಸ್ಕೇಲಿನ ಕೈಯಿಂದ ಬೇರೆ ಮಾಡಿದಳು. ಚೀಲದೊಳಗಿಂದ ಒಂದು ತುಂಡು ಬಟ್ಟೆ ತೆಗೆದು, ನೀರಿನ ಬಾಟಲಿಯಿಂದ ಅದನ್ನು ಒದ್ದೆ ಮಾಡಿ, ಆ ಪುಟ್ಟ ಅಂಗೈಯನ್ನು, ಬೆರಳ ಸಂದಿಗಳನ್ನು, ಉಗುರುಗಳನ್ನು, ಅವಸರವಿಲ್ಲದೆ ಒರೆಸತೊಡಗಿದಳು.

“ಮುಂದಿನ ರಕ್ತ ಯಾವತ್ತು?” ಎಂದು ಕೇಳಿದಳು, ತಲೆ ಎತ್ತದೆ.

“ಇಪ್ಪತ್ತೊಂದು ದಿನಕ್ಕೆ.”

“ನಾನು ಕಿಟಕಿ ಹೊರಗೆ ನಿಂತಿರಲ್ಲ. ಒಳಗೆ ಬಂದು, ನೀವು ಅಳೆಯೋದನ್ನ ನಿಂತು ನೋಡ್ತೀನಿ.”

“ಬನ್ನಿ” ಎಂದಳು ಸ್ಕೇಲು. ಟೈಲರಮ್ಮ ಬಟ್ಟೆಯನ್ನು ಮಡಿಸಿ, ಕೊಳೆಯಾದ ಬದಿಯನ್ನು ಒಳಗೆ ಮಾಡಿ, ಮಗುವಿನ ಇನ್ನೊಂದು ಕೈಯನ್ನು ಒರೆಸುತ್ತಿದ್ದಳು. ಸ್ಕೇಲು ಆ ಕೈಯನ್ನು ಮುಟ್ಟಿಯೇ ಇರಲಿಲ್ಲ.